ಅಲ್ಯೂಮಿನಿಯಂ ಅಂಟೋದಿಲ್ಲ ಎಂದ ಗೋಡೆಗೆ ಗಡ್ಡೆ ಯಾಕೆ ಬೆಳೆಯುತ್ತದೆ?

ಪೀಣ್ಯ ಕುಲುಮೆ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಅಲ್ಯೂಮಿನಿಯಂ ಫೌಂಡ್ರಿಯಲ್ಲಿ ಮೆಲ್ಟಿಂಗ್ ನೋಡಿಕೊಳ್ಳುತ್ತೇನೆ. ಮೇಲಿಂದ ಬರ್ನರ್ ಉರಿಯುವ ಫರ್ನೇಸ್. ಮೊದಲು ಎಲ್‌ಎಂ6 (ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹ) ಮಾತ್ರ ಕರಗಿಸುತ್ತಿದ್ದೆವು, ಗೋಡೆ ಚೆನ್ನಾಗಿಯೇ ಇತ್ತು. ಈಗ ಒಂದು ಆರ್ಡರ್‌ಗೋಸ್ಕರ ಎಲ್‌ಎಂ5 (ಅಲ್ಯೂಮಿನಿಯಂ-ಮೆಗ್ನೀಷಿಯಂ ಮಿಶ್ರಲೋಹ) ಜಾಸ್ತಿ ಓಡಿಸುತ್ತಿದ್ದೇವೆ. ಆಮೇಲಿಂದ ಮೆಟಲ್ ನಿಲ್ಲುವ ಗೆರೆಗೆ ಸ್ವಲ್ಪ ಮೇಲೆ, ಗೋಡೆ ಸುತ್ತಲೂ ಕಪ್ಪು-ಬೂದು ಬಣ್ಣದ ಗಡ್ಡೆ ಬೆಳೆಯುತ್ತಿದೆ. ತಣ್ಣಗಾದ ಮೇಲೆ ಉಳಿ ಇಟ್ಟು ಹೊಡೆದರೆ ಉಳಿಯ ಬಾಯಿಯೇ ಹೋಗುತ್ತದೆ, ಅಷ್ಟು ಗಟ್ಟಿ. ಎಬ್ಬಿಸಿದರೆ ಗೋಡೆಯ ತುಂಡನ್ನೂ ಕಿತ್ತುಕೊಂಡೇ ಬರುತ್ತದೆ.

ಲೈನಿಂಗ್ (ಫರ್ನೇಸಿನ ಒಳಗೋಡೆ) ಕೊಟ್ಟವರನ್ನು ಕೇಳಿದರೆ, "ಇದು ಹೈ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್ ಜಾಸ್ತಿ ಇರುವುದು), ಅಲ್ಯೂಮಿನಿಯಂ ಇದನ್ನು ವೆಟ್ ಮಾಡೋದೇ ಇಲ್ಲ, ನೀವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ" ಎನ್ನುತ್ತಾರೆ. ವೆಟ್ ಮಾಡೋದಿಲ್ಲ ಅಂದರೆ ಹಿಡಿದುಕೊಂಡಿದ್ದು ಹೇಗೆ? ಇದರ ಹಿಂದಿನ ವಿಷಯ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಮುಂದಿನ ಸಲ ಲೈನಿಂಗ್ ಹಾಕಿಸುವಾಗ ಏನು ಕೇಳಬೇಕು ಅಂತಲಾದರೂ ಗೊತ್ತಾಗಲಿ.

ನಿವೃತ್ತ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಸ್ವಲ್ಪ ಬುಡದಿಂದ ಹೇಳುತ್ತೇನೆ, ಸಹಿಸಿಕೊಳ್ಳಿ.

ಕೆಸುವಿನ ಎಲೆ ಮೇಲೆ ನೀರಿನ ಹನಿ ಗುಂಡಗೆ ನಿಲ್ಲುತ್ತದೆ, ಅಲ್ವಾ. ಹನಿಯ ಅಂಚು ಎಲೆಯನ್ನು ಮುಟ್ಟುವ ಜಾಗದಲ್ಲಿ, ಹನಿಯ ಒಳಗಡೆಯಿಂದ ಅಳೆಯುವ ಕೋನವೇ ಸಂಪರ್ಕ ಕೋನ. 90 ಡಿಗ್ರಿಗಿಂತ ಜಾಸ್ತಿ ಇದ್ದರೆ ವೆಟ್ ಆಗಿಲ್ಲ, ಕಡಿಮೆ ಇದ್ದರೆ ಆಗಿದೆ ಎನ್ನುತ್ತೇವೆ. 1805ರಲ್ಲಿ ಥಾಮಸ್ ಯಂಗ್ ಇದರ ಲೆಕ್ಕ ಹೇಳಿದ. ಮೂರು ಸೆಳೆತಗಳ ನಡುವಿನ ಹಗ್ಗಜಗ್ಗಾಟ ಎಲ್ಲಿ ನಿಲ್ಲುತ್ತದೋ ಅಲ್ಲಿ ಕೋನ ನಿಲ್ಲುತ್ತದೆ: ಘನದ ಮೇಲ್ಮೈ, ದ್ರವದ ಮೇಲ್ಮೈ, ಎರಡೂ ಕೂಡುವ ಮುಖ.

ಕರಗಿದ ಲೋಹಗಳ ಮೇಲ್ಮೈ ಸೆಳೆತ ಬಹಳ ದೊಡ್ಡದು. ನೀರಿನದು ಮೀಟರಿಗೆ 0.072 ನ್ಯೂಟನ್. ಅಲ್ಯೂಮಿನಿಯಂದು 0.87ರ ಆಸುಪಾಸು, ತಾಮ್ರದ್ದು ಸುಮಾರು 1.3. ಅದರ ಜೊತೆಗೆ ಲೋಹದೊಳಗಿನ ಬಂಧದ ರೀತಿ ಬೇರೆ, ಆಕ್ಸೈಡ್ ಸೆರಾಮಿಕ್ಕಿನ ಬಂಧದ ರೀತಿ ಬೇರೆ. ಎರಡಕ್ಕೂ ಸುಲಭಕ್ಕೆ ಹೊಂದಿಕೆ ಆಗುವುದಿಲ್ಲ. ಹಾಗಾಗಿ ಹೆಚ್ಚಿನ ಶುದ್ಧ ಲೋಹಗಳು ಅಲ್ಯೂಮಿನಾ, ಮೆಗ್ನೀಷಿಯಾ, ಜಿರ್ಕೋನಿಯಾ ಮೇಲೆ ಗುಂಡಗೇ ಕೂರುತ್ತವೆ. ನಿಮ್ಮ ಲೈನಿಂಗ್‌ನವರು ಹೇಳಿದ್ದರಲ್ಲಿ ಅಷ್ಟರ ಮಟ್ಟಿಗೆ ಸತ್ಯ ಇದೆ.

ಇದರಿಂದ ಆಗುವ ಉಪಕಾರವನ್ನೂ ನೋಡಿ. 10 ಮೈಕ್ರಾನ್ ಅಗಲದ ರಂಧ್ರ, ಕೋನ 130 ಡಿಗ್ರಿ ಎಂದುಕೊಳ್ಳಿ. ಅದರೊಳಗೆ ಅಲ್ಯೂಮಿನಿಯಂ ನುಗ್ಗಬೇಕಾದರೆ ಹೊರಗಿನಿಂದ ಸುಮಾರು 2 ವಾಯುಮಂಡಲದಷ್ಟು ಒತ್ತಡ ಬೇಕು. ನಿಮ್ಮ ಫರ್ನೇಸಿನಲ್ಲಿ ಅರ್ಧ ಮೀಟರ್ ಆಳ ಮೆಟಲ್ ಇದ್ದರೆ ತಳದಲ್ಲಿ ಬರುವ ಒತ್ತಡ 0.12 ವಾಯುಮಂಡಲವೂ ಇಲ್ಲ. ಅಂದರೆ ಸಣ್ಣ ರಂಧ್ರದ ಇಟ್ಟಿಗೆಯೊಳಗೆ ಮೆಟಲ್ ಹೋಗಲಾರದು. ಆದರೆ ಕೋನ 90ಕ್ಕಿಂತ ಕೆಳಗೆ ಇಳಿಯಿತೋ, ಅದೇ ರಂಧ್ರ ಮೆಟಲ್ಲನ್ನು ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ. ಎಲ್ಲವೂ ಆ ಕೋನ ಕೊನೆತನಕ ಹಾಗೇ ಉಳಿಯುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಟುಂಡಿಶ್ ಪಕ್ಕ

ಮೇಷ್ಟ್ರೇ, ಒಂದು ಸೇರಿಸಬಹುದಾ. ಬಳ್ಳಾರಿ ಕಡೆ ಸ್ಟೀಲ್ ಪ್ಲಾಂಟ್‌ನಲ್ಲಿ ಕ್ಯಾಸ್ಟಿಂಗ್ ಸೆಕ್ಷನ್‌ನಲ್ಲಿ ಇದ್ದೇನೆ. ನಮ್ಮಲ್ಲಿ ವೆಟ್ ಆಗದೇ ಇರುವುದೇ ತಲೆನೋವು. ಸ್ಟೀಲಿನಲ್ಲಿರುವ ಆಮ್ಲಜನಕ ತೆಗೆಯೋಕೆ ಅಲ್ಯೂಮಿನಿಯಂ ಹಾಕುತ್ತೇವೆ. ಅದರಿಂದ ಸಣ್ಣ ಸಣ್ಣ ಅಲ್ಯೂಮಿನಾ ಕಣ ಹುಟ್ಟುತ್ತವೆ. ಕರಗಿದ ಸ್ಟೀಲ್ ಅಲ್ಯೂಮಿನಾವನ್ನು ವೆಟ್ ಮಾಡುವುದಿಲ್ಲ. ಹಾಗಾಗಿ ಆ ಕಣಗಳು ಮೆಟಲ್ಲಿನಿಂದ ತಪ್ಪಿಸಿಕೊಳ್ಳಲು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸ್ಟೀಲ್ ಹರಿದು ಇಳಿಯುವ ಕೊಳವೆ, ಅಂದರೆ ನಾಝಲ್, ಅದರ ಗೋಡೆಗೂ ಅಂಟುತ್ತವೆ. ಕೊನೆಗೆ ನಾಝಲ್ ಕಟ್ಟಿಕೊಂಡು ಕ್ಯಾಸ್ಟಿಂಗ್ ನಿಲ್ಲುತ್ತದೆ. ಅದಕ್ಕೇ ಕ್ಯಾಲ್ಸಿಯಂ ಕೊಡುವುದು. ಗಟ್ಟಿ ಅಲ್ಯೂಮಿನಾ ಹೋಗಿ ದ್ರವ ಕ್ಯಾಲ್ಸಿಯಂ ಅಲ್ಯೂಮಿನೇಟ್ ಆದರೆ ಕಟ್ಟಿಕೊಳ್ಳುವುದಿಲ್ಲ.

ಇನ್ನು ಪೀಣ್ಯದವರು ಹೇಳಿದ "ಮೆಟಲ್ ಗೆರೆ" ವಿಷಯ. ನಮ್ಮಲ್ಲೂ ನಾಝಲ್ ಸವೆಯುವುದು ಅದೇ ಗೆರೆಯಲ್ಲಿ, ಮೇಲೂ ಅಲ್ಲ, ಕೆಳಗೂ ಅಲ್ಲ. ನಾಝಲ್ ಇರುವುದು ಆಕ್ಸೈಡ್ ಮತ್ತು ಗ್ರಾಫೈಟ್ ಸೇರಿಸಿ. ಸ್ಟೀಲ್ ಮೇಲೆ ತೇಲುವ ಕರಗಿದ ಸ್ಲ್ಯಾಗ್ ಆಕ್ಸೈಡನ್ನು ವೆಟ್ ಮಾಡಿ ಕರಗಿಸುತ್ತದೆ, ಆದರೆ ಗ್ರಾಫೈಟನ್ನು ಮುಟ್ಟುವುದಿಲ್ಲ. ಆಕ್ಸೈಡ್ ಹೋದ ಮೇಲೆ ಗ್ರಾಫೈಟ್ ಬರಿದಾಗಿ ನಿಲ್ಲುತ್ತದೆ. ಆಗ ಸ್ಟೀಲ್ ಮೇಲೆ ಬಂದು ಗ್ರಾಫೈಟನ್ನು ತಿನ್ನುತ್ತದೆ. ಗ್ರಾಫೈಟ್ ಹೋದಾಗ ಮತ್ತೆ ಆಕ್ಸೈಡ್ ಹೊರಗೆ ಬಂತು, ಮತ್ತೆ ಸ್ಲ್ಯಾಗಿನ ಸರದಿ. ಹೀಗೆ ಇಬ್ಬರೂ ಪಾಳಿ ಹಾಕಿಕೊಂಡು ಒಂದೇ ಜಾಗವನ್ನು ಕೊರೆಯುತ್ತಾರೆ. ಆ ಪಟ್ಟಿಗೆ ಮಾತ್ರ ಜಿರ್ಕೋನಿಯಾ-ಗ್ರಾಫೈಟ್ ತೊಡಿಸುವುದು ಅದಕ್ಕೇ.

ಪೀಣ್ಯ ಕುಲುಮೆ

ಓ, ಹಾಗಾದರೆ ಗೆರೆಯಲ್ಲೇ ಆಗುವುದಕ್ಕೆ ಕಾರಣ ಇದೆ. ನಮ್ಮ ಫರ್ನೇಸಿನಲ್ಲಿ ಮೆಟಲ್ ಒಳಗೆ ಮುಳುಗಿರುವ ಗೋಡೆ ಪರವಾಗಿಲ್ಲ, ಆ ಗೆರೆಯ ಮೇಲೆಯೇ ಕಾಟ. ಇನ್ನೊಂದು ಮರೆತಿದ್ದೆ. ಮೆಟಲ್ ಟೆಸ್ಟ್ ಮಾಡಿಸಿದಾಗ ಎಲ್‌ಎಂ5ರಲ್ಲಿ ಸಿಲಿಕಾನ್ ನಿಧಾನಕ್ಕೆ ಏರುತ್ತಿದೆ. ಇಂಗಾಟ್‌ನಲ್ಲಿ ಅಷ್ಟು ಇಲ್ಲ.

ರಿಸರ್ಚ್ ಹುಡುಗಿ

ಸಿಲಿಕಾನ್ ಏರುತ್ತಿದೆ ಎಂದಿರಲ್ಲ, ಅದೇ ದೊಡ್ಡ ಸುಳಿವು!

ಹೈ ಅಲ್ಯೂಮಿನಾ ಎಂದರೆ ಪೂರ್ತಿ ಅಲ್ಯೂಮಿನಾ ಅಲ್ಲ. ಅದರಲ್ಲಿ ಸಿಲಿಕಾ ಇರುತ್ತದೆ, ಮುಲ್ಲೈಟ್ (ಅಲ್ಯೂಮಿನಾ-ಸಿಲಿಕಾ ಕೂಡಿದ ಖನಿಜ) ಇರುತ್ತದೆ, ಅಗ್ಗದ್ದಾದರೆ ಬಿಡಿ ಸಿಲಿಕಾ ಇನ್ನೂ ಜಾಸ್ತಿ. ಅಲ್ಯೂಮಿನಿಯಂಗೆ ಆಮ್ಲಜನಕದ ಮೇಲೆ ಸಿಲಿಕಾನಿಗಿಂತ ಆಸೆ ಹೆಚ್ಚು. ಅದು ಸಿಲಿಕಾದಿಂದ ಆಮ್ಲಜನಕ ಕಿತ್ತುಕೊಂಡು ಅಲ್ಯೂಮಿನಾ ಆಗುತ್ತದೆ, ಬಿಟ್ಟ ಸಿಲಿಕಾನ್ ನಿಮ್ಮ ಮೆಟಲ್ಲಿಗೆ ಸೇರುತ್ತದೆ. ಎಲ್‌ಎಂ6ರಲ್ಲಿ ಮೊದಲೇ 10ರಿಂದ 13 ಶೇಕಡಾ ಸಿಲಿಕಾನ್ ಇದೆ. ಹಾಗಾಗಿ ಈ ರಿಯಾಕ್ಷನ್ನಿಗೆ ಅಲ್ಲಿ ಒತ್ತಾಯ ಕಡಿಮೆ. ಎಲ್‌ಎಂ5ರಲ್ಲಿ ಸಿಲಿಕಾನ್ ಬಹಳ ಕಡಿಮೆ, ಮೇಲಾಗಿ 3ರಿಂದ 6 ಶೇಕಡಾ ಮೆಗ್ನೀಷಿಯಂ.

ಮೆಗ್ನೀಷಿಯಂ ಎರಡು ಕೆಲಸ ಮಾಡುತ್ತದೆ. ಒಂದು, ಆಮ್ಲಜನಕ ಕಿತ್ತುಕೊಳ್ಳುವುದರಲ್ಲಿ ಅದು ಅಲ್ಯೂಮಿನಿಯಂಗಿಂತ ಚುರುಕು, ಸಿಲಿಕಾ ಜೊತೆಗೂ ಅಲ್ಯೂಮಿನಾ ಜೊತೆಗೂ ರಿಯಾಕ್ಟ್ ಆಗಿ ಸ್ಪಿನೆಲ್ (ಮೆಗ್ನೀಷಿಯಂ-ಅಲ್ಯೂಮಿನಿಯಂ ಆಕ್ಸೈಡ್) ಮಾಡುತ್ತದೆ. ಎರಡನೆಯದು ಇನ್ನೂ ಮುಖ್ಯ. ಕರಗಿದ ಅಲ್ಯೂಮಿನಿಯಂ ಮೇಲೆ ಯಾವಾಗಲೂ ತೆಳು ಆಕ್ಸೈಡ್ ಪೊರೆ ಇರುತ್ತದೆ. 700 ಡಿಗ್ರಿಯಲ್ಲಿ ನಾವು "ಅಲ್ಯೂಮಿನಿಯಂ ವೆಟ್ ಮಾಡುತ್ತಿಲ್ಲ" ಎಂದು ನೋಡುವುದರಲ್ಲಿ ಎಷ್ಟೋ ಪಾಲು ಆ ಪೊರೆಯದ್ದು. ಮೆಟಲ್ ಗೋಡೆಯನ್ನು ಮುಟ್ಟಿಯೇ ಇರುವುದಿಲ್ಲ, ಪೊರೆ ಮುಟ್ಟಿರುತ್ತದೆ ಅಷ್ಟೆ. ಲ್ಯಾಬ್‌ನಲ್ಲಿ ಒಳ್ಳೆ ವ್ಯಾಕ್ಯೂಮ್ ಕೊಟ್ಟು 900 ಡಿಗ್ರಿ ದಾಟಿಸಿದರೆ ಆ ಪೊರೆ ಅಲ್ಯೂಮಿನಿಯಂ ಜೊತೆಗೇ ಸೇರಿ ಅನಿಲವಾಗಿ ಹಾರಿಹೋಗುತ್ತದೆ. ಆಗ ಅಲ್ಯೂಮಿನಾ ಮೇಲೆ ಕೋನ 90ರ ಹತ್ತಿರಕ್ಕೆ, ಅದಕ್ಕಿಂತ ಕೆಳಗೂ ಬರುತ್ತದೆ. ಮೆಗ್ನೀಷಿಯಂ ಅದೇ ಪೊರೆಯನ್ನು ಕಡಿಮೆ ಬಿಸಿಯಲ್ಲೇ ಒಡೆಯುತ್ತದೆ. ಮೆಗ್ನೀಷಿಯಂ ಆಕ್ಸೈಡ್ ತಾನು ಹುಟ್ಟಿದ ಲೋಹಕ್ಕಿಂತ ಕಡಿಮೆ ಜಾಗ ಹಿಡಿಯುವುದರಿಂದ ಪೂರ್ತಿ ಮುಚ್ಚುವ ಪೊರೆ ಆಗುವುದೇ ಇಲ್ಲ.

ನಿಮ್ಮ ಗೆರೆಯಲ್ಲಿ ಮೆಟಲ್ ಇದೆ, ಗೋಡೆ ಇದೆ, ಮೇಲಿಂದ ಗಾಳಿ ಇದೆ, ಬರ್ನರಿನ ಬಿಸಿಯೂ ಅಲ್ಲೇ ಜಾಸ್ತಿ. ಮೆಟಲ್ ಗೋಡೆಯೊಳಗೆ ಸ್ವಲ್ಪ ಹತ್ತಿಕೊಂಡರೆ ಸಾಕು, ರಂಧ್ರದ ಮೂಲಕ ಮೇಲೆ ಬಂದು ಗಾಳಿಗೆ ಸಿಕ್ಕಿ ಅಲ್ಯೂಮಿನಾ ಆಗುತ್ತದೆ. ಆ ಅಲ್ಯೂಮಿನಾದ ಸಂದಿಯಿಂದ ಮತ್ತೆ ಮೆಟಲ್ ಮೇಲೆ ಬರುತ್ತದೆ. ನಿಮ್ಮ ಉಳಿಯನ್ನು ಹಾಳು ಮಾಡಿದ್ದು ಕೊರಂಡಮ್ (ಹರಳುಗಟ್ಟಿದ ಅಲ್ಯೂಮಿನಾ), ಕಪ್ಪು ಬಣ್ಣ ಅದರೊಳಗೆ ಸಿಕ್ಕಿಕೊಂಡಿರುವ ಅಲ್ಯೂಮಿನಿಯಂ ಮತ್ತು ಸಿಲಿಕಾನಿನದು.

ಇದೇ ಕ್ರಿಯೆಯನ್ನು 1980ರ ದಶಕದಲ್ಲಿ ಅಮೆರಿಕದ ಲ್ಯಾಂಕ್ಸೈಡ್ ಎಂಬ ಕಂಪನಿ ಬೇಕೆಂದೇ ಮಾಡಿಸಿ, ಅಲ್ಯೂಮಿನಾ-ಅಲ್ಯೂಮಿನಿಯಂ ಕಾಂಪೊಸಿಟ್ ಬೆಳೆಸುವ ವಿಧಾನ ಕಟ್ಟಿತು. ಅವರೂ ಮೆಟಲ್ಲಿಗೆ ಮೆಗ್ನೀಷಿಯಂ ಸೇರಿಸುತ್ತಿದ್ದರು. ನಿಮ್ಮಲ್ಲಿ ಬೇಡದೆ ಬೆಳೆಯುತ್ತಿರುವುದು ಅದರ ಹತ್ತಿರದ ನಂಟೇ.

ವ್ಯಾಕ್ಯೂಮ್ ಬ್ರೇಜಿಂಗ್

ಎಲ್ಲರ ಉತ್ತರ ಓದಿದೆ. ಒಟ್ಟಾರೆ ವಿಷಯ ಸರಳ ಅಲ್ವಾ? ರಿಯಾಕ್ಷನ್ ಆದರೆ ವೆಟ್ ಆಗುತ್ತದೆ, ಆಗದಿದ್ದರೆ ಇಲ್ಲ. ನಮ್ಮ ಕೆಲಸದಲ್ಲಿ ದಿನಾ ನೋಡುವುದೇ ಅದು. ಬೆಳ್ಳಿ-ತಾಮ್ರದ ಬೆಸುಗೆ ಲೋಹ 780 ಡಿಗ್ರಿಗೆ ಕರಗುತ್ತದೆ. ಅಲ್ಯೂಮಿನಾ ಮೇಲೆ ಇಟ್ಟರೆ ಗುಂಡಾಗಿ ಉರುಳುತ್ತದೆ. ಅದಕ್ಕೇ ಶೇಕಡಾ 2ರಷ್ಟು ಟೈಟಾನಿಯಂ ಸೇರಿಸಿ, ವ್ಯಾಕ್ಯೂಮ್‌ನಲ್ಲಿ 830-850 ಡಿಗ್ರಿಗೆ ತೆಗೆದುಕೊಂಡು ಹೋಗಿ, ಚಾಪೆ ಹಾಸಿದ ಹಾಗೆ ಹರಡಿಬಿಡುತ್ತದೆ. ಟೈಟಾನಿಯಂ ಅಲ್ಯೂಮಿನಾ ಜೊತೆ ರಿಯಾಕ್ಟ್ ಆಗುತ್ತದೆ, ಬೇರೆಯವು ಆಗುವುದಿಲ್ಲ. ಅಷ್ಟೇ ವ್ಯತ್ಯಾಸ.

ನಿವೃತ್ತ ಮೇಷ್ಟ್ರು

ನಿಮ್ಮ ಕೆಲಸದ ಅನುಭವಕ್ಕೆ ನನ್ನ ಗೌರವ ಇದೆ. ಆದರೆ ಆ ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ, ಯಾಕೆ ಅಂತ ಹೇಳುತ್ತೇನೆ. ಈ ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನಿಸುವುದು ಇದೊಂದೇ.

ಕರಗಿದ ಅಲ್ಯೂಮಿನಿಯಂ ಮತ್ತು ಸಿಲಿಕಾ ನಡುವೆ ಜೋರು ರಿಯಾಕ್ಷನ್ ಆಗುತ್ತದೆ, ಈಗಷ್ಟೇ ಅದರ ಮಾತು ಬಂತು. ಹಾಗಾದರೆ ಸಿಲಿಕಾ ಹಲಗೆ ಮೇಲೆ ಅಲ್ಯೂಮಿನಿಯಂ ಹನಿ ತಟ್ಟೆಯಾಗಿ ಹರಡಬೇಕಿತ್ತು. ಹರಡುವುದಿಲ್ಲ. ಯಾಕೆಂದರೆ ರಿಯಾಕ್ಷನ್ನಿಂದ ಹುಟ್ಟಿದ್ದು ಅಲ್ಯೂಮಿನಾ. ಹನಿ ಈಗ ಕೂತಿರುವುದು ಅಲ್ಯೂಮಿನಾ ಮೇಲೆ, ಹಾಗಾಗಿ ಅಲ್ಯೂಮಿನಾ ಮೇಲಿನ ಕೋನದ ಹತ್ತಿರವೇ ನಿಲ್ಲುತ್ತದೆ.

ಇನ್ನೊಂದು ಕಡೆ ನೋಡಿ. ಶುದ್ಧ ತಾಮ್ರ ಇಂಗಾಲವನ್ನು ವೆಟ್ ಮಾಡುವುದಿಲ್ಲ. ತಾಮ್ರಕ್ಕೆ ಸಿಲಿಕಾನ್ ಸೇರಿಸಿ ಇಂಗಾಲದ ಮೇಲೆ ಇಟ್ಟರೆ ಮೊದಲು ಗುಂಡಗೇ ಕೂರುತ್ತದೆ. ಆಮೇಲೆ ಅಂಚಿನಲ್ಲಿ ಸಿಲಿಕಾನ್ ಕಾರ್ಬೈಡ್ ಹುಟ್ಟುತ್ತಾ ಹೋಗುತ್ತದೆ, ಹನಿಯೂ ಅದರ ಜೊತೆ ಹರಡುತ್ತಾ ಹೋಗುತ್ತದೆ. ಕೊನೆಗೆ ನಿಲ್ಲುವ ಕೋನ ಎಷ್ಟು? ಅದೇ ಹನಿಯನ್ನು ನೇರವಾಗಿ ಸಿಲಿಕಾನ್ ಕಾರ್ಬೈಡ್ ಹಲಗೆ ಮೇಲೆ ಇಟ್ಟರೆ ಬರುವಷ್ಟು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನಿಕೋಲಸ್ ಯೂಸ್ಟಾಥೊಪೌಲೋಸ್ ಮತ್ತು ಅವರ ಜೊತೆಗಾರರು ಇಂಥ ಜೋಡಿಗಳನ್ನು ವರ್ಷಾನುಗಟ್ಟಲೆ ಅಳೆದು ತೋರಿಸಿದ್ದು ಇದನ್ನೇ. ರಿಯಾಕ್ಷನ್ ಎಷ್ಟು ಜೋರು ಎನ್ನುವುದಲ್ಲ, ರಿಯಾಕ್ಷನ್ ಆದ ಮೇಲೆ ಮೆಟಲ್ಲಿನ ಕೆಳಗೆ ಯಾವ ಪದರ ಉಳಿಯಿತು ಎನ್ನುವುದು ಮುಖ್ಯ.

ನಿಮ್ಮ ಟೈಟಾನಿಯಂ ವಿಷಯವೂ ಇದೇ ಲೆಕ್ಕಕ್ಕೆ ಬರುತ್ತದೆ. ಅಲ್ಯೂಮಿನಾ ಪಕ್ಕದಲ್ಲಿ ಆಮ್ಲಜನಕ ಕಡಿಮೆ ಇರುವ ಟೈಟಾನಿಯಂ ಆಕ್ಸೈಡಿನ ಪದರ, ಅದರ ಮೇಲೆ ತಾಮ್ರ-ಟೈಟಾನಿಯಂ-ಆಮ್ಲಜನಕ ಸೇರಿದ ಪದರ. ಇವೆರಡಕ್ಕೂ ಲೋಹದ ಗುಣ ಇದೆ. ಬೆಳ್ಳಿ-ತಾಮ್ರಕ್ಕೆ ತನ್ನಂಥದ್ದೇ ನೆಲ ಸಿಕ್ಕಿತು, ಹರಡಿತು.

ಹರಡುವ ವೇಗದಲ್ಲೂ ಇದು ಕಾಣುತ್ತದೆ. ರಿಯಾಕ್ಷನ್ ಇಲ್ಲದ ಜೋಡಿಯಲ್ಲಿ ಸಣ್ಣ ಹನಿ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ತನ್ನ ಕೋನಕ್ಕೆ ಬಂದು ನಿಲ್ಲುತ್ತದೆ. ರಿಯಾಕ್ಷನ್ ಇರುವ ಕಡೆ ನಿಮಿಷಗಟ್ಟಲೆ ಬೇಕು, ಯಾಕೆಂದರೆ ಹನಿಯ ಅಂಚು ತನ್ನ ಮುಂದಿನ ನೆಲವನ್ನು ತಾನೇ ಮಾಡಿಕೊಂಡು ಮುಂದೆ ಹೋಗಬೇಕು.

ವ್ಯಾಕ್ಯೂಮ್ ಬ್ರೇಜಿಂಗ್

ಸಿಲಿಕಾ ಉದಾಹರಣೆ ಒಪ್ಪಿದೆ ಮೇಷ್ಟ್ರೇ. ನಾವು ಬ್ರೇಜಿಂಗ್ ಬಿಸಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಲೇಬೇಕು ಎನ್ನುವುದಕ್ಕೂ ಇದರಿಂದ ಅರ್ಥ ಬಂತು. ಬಹಳ ಹೊತ್ತು ಬಿಟ್ಟರೆ ಆ ಪದರ ದಪ್ಪವಾಗಿ ಪೆಡಸಾಗುತ್ತದೆ, ಜಾಯಿಂಟ್ ಬಿರುಕು ಬಿಡುತ್ತದೆ. ಅದನ್ನೂ ನೋಡಿದ್ದೇವೆ.

ಹಳೆಯ ದಾರಿ ಇನ್ನೊಂದಿದೆ. ಅಲ್ಯೂಮಿನಾ ಮೇಲೆ ಮಾಲಿಬ್ಡಿನಂ-ಮ್ಯಾಂಗನೀಸ್ ಬಳಿದು, ತೇವ ಇರುವ ಹೈಡ್ರೋಜನ್ನಿನಲ್ಲಿ 1400-1500 ಡಿಗ್ರಿಗೆ ಸುಟ್ಟು, ಮೇಲೆ ನಿಕಲ್ ಲೇಪಿಸಿ, ಆಮೇಲೆ ಬ್ರೇಜ್ ಮಾಡುವುದು. ದೊಡ್ಡ ಕರೆಂಟನ್ನು ಕಡಿಯುವ ಸ್ವಿಚ್ಚುಗಳಾದ ವ್ಯಾಕ್ಯೂಮ್ ಇಂಟರಪ್ಟರ್‌ಗಳ ಸೆರಾಮಿಕ್ ಕೊಳವೆಗೆ ಲೋಹ ಕೂರಿಸುವ ಹೆಸರಾದ ವಿಧಾನ ಇದು. ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲೂ ಇಂಟರಪ್ಟರ್ ತಯಾರಾಗುತ್ತವೆ. ಬೆಸುಗೆ ಲೋಹ ಅಲ್ಲಿ ಮುಟ್ಟುವುದು ನಿಕಲ್ಲನ್ನು, ಸೆರಾಮಿಕ್ಕನ್ನು ಅಲ್ಲವೇ ಅಲ್ಲ.

ತಾಮ್ರವನ್ನು ಅಲ್ಯೂಮಿನಾಕ್ಕೆ ಟೈಟಾನಿಯಂ ಇಲ್ಲದೆಯೂ ಹಿಡಿಸಬಹುದು. ತಾಮ್ರದ ಮೇಲೆ ಸ್ವಲ್ಪ ಆಕ್ಸೈಡ್ ಬರಿಸಿ ಬಿಸಿ ಮಾಡಿದರೆ 1065 ಡಿಗ್ರಿಯಲ್ಲಿ ತಾಮ್ರ-ಆಮ್ಲಜನಕದ ತೆಳು ದ್ರವ ಹುಟ್ಟುತ್ತದೆ. ತಾಮ್ರ ಕರಗಲು 1085 ಬೇಕು. ಆ 20 ಡಿಗ್ರಿ ಸಂದಿಯಲ್ಲೇ ಕೆಲಸ. ಆ ದ್ರವ ಅಲ್ಯೂಮಿನಾವನ್ನು ಚೆನ್ನಾಗಿ ವೆಟ್ ಮಾಡುತ್ತದೆ, ತಾಮ್ರದ ಹಾಳೆ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ದೊಡ್ಡ ಕರೆಂಟಿನ ಪವರ್ ಮಾಡ್ಯೂಲ್‌ಗಳ ಅಡಿಯ ಹಲಗೆಗಳು ಹೀಗೆ ಆಗುತ್ತವೆ. ಕೈಯಲ್ಲಿ ಹಿಡಿದು ನೋಡಿದರೆ ಖುಷಿಯಾಗುತ್ತದೆ, ಅಷ್ಟು ನೀಟು.

ಚಿನ್ನದ ಟೆಸ್ಟಿಂಗ್

ಆಮ್ಲಜನಕ ಸೇರಿದರೆ ವೆಟ್ ಆಗುತ್ತದೆ ಎಂದಿದ್ದಕ್ಕೆ ನಾನೂ ಬರೆಯಬೇಕು ಅನಿಸಿತು. ಹುಬ್ಬಳ್ಳಿಯಲ್ಲಿ ಹಾಲ್‌ಮಾರ್ಕಿಂಗ್ ಸೆಂಟರ್‌ನಲ್ಲಿ ಕೆಲಸ. ಚಿನ್ನದ ಶುದ್ಧತೆ ಅಳೆಯುವ ಫೈರ್ ಅಸ್ಸೇ ನಿಂತಿರುವುದೇ ಇದರ ಮೇಲೆ.

ಚಿನ್ನದ ಚೂರಿಗೆ ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆ ಬೂದಿ ಅಥವಾ ಮೆಗ್ನೀಷಿಯಾದಿಂದ ಮಾಡಿದ ಕ್ಯೂಪೆಲ್ ಎಂಬ ಸಣ್ಣ ಬಟ್ಟಲಿಗೆ ಹಾಕಿ ಕುಲುಮೆಗೆ ಇಡುತ್ತೇವೆ. ಕರಗಿದ ಸೀಸ ಆ ಬಟ್ಟಲಿಗೆ ಇಳಿಯುವುದಿಲ್ಲ. ಗಾಳಿ ತಾಗಿ ಸೀಸದ ಆಕ್ಸೈಡ್ ಆದಾಗ ಮಾತ್ರ ಇಳಿಯುತ್ತದೆ. ಆ ಆಕ್ಸೈಡ್ 888 ಡಿಗ್ರಿಗೆ ಕರಗುತ್ತದೆ, ಬಟ್ಟಲನ್ನು ವೆಟ್ ಮಾಡಿ ರಂಧ್ರದೊಳಗೆ ಹೋಗುತ್ತದೆ, ಹೋಗುವಾಗ ತಾಮ್ರ ಮುಂತಾದ ಬೆರಕೆಯ ಆಕ್ಸೈಡನ್ನೂ ಒಯ್ಯುತ್ತದೆ. ಚಿನ್ನ-ಬೆಳ್ಳಿ ಆಕ್ಸೈಡ್ ಆಗುವುದಿಲ್ಲ, ವೆಟ್ ಮಾಡುವುದೂ ಇಲ್ಲ, ಗುಂಡು ಮಣಿಯಾಗಿ ಮೇಲೆ ಉಳಿಯುತ್ತವೆ. ಕೊನೆಯ ಸೀಸ ಹೋಗುವಾಗ ಮಣಿ ಒಮ್ಮೆ ಪಳಕ್ಕನೆ ಹೊಳೆಯುತ್ತದೆ. ಮೂಳೆ ಬೂದಿಯ ಕ್ಯೂಪೆಲ್ ಹೆಚ್ಚುಕಡಿಮೆ ತನ್ನ ತೂಕದಷ್ಟೇ ಆಕ್ಸೈಡ್ ಕುಡಿಯುತ್ತದೆ.

ಕುಲುಮೆ ತಣ್ಣಗಾದರೆ ಆಕ್ಸೈಡ್ ಮಣಿ ಮೇಲೆಯೇ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಟೆಸ್ಟ್ ಹೋಯಿತು. ಜಾಸ್ತಿ ಬಿಸಿ ಆದರೆ ಬೆಳ್ಳಿ ನಷ್ಟ. ವೆಟ್ ಆಗುವುದೊಂದು, ಆಗದಿರುವುದೊಂದು, ಎರಡೂ ಒಂದೇ ಬಟ್ಟಲಿನಲ್ಲಿ ಒಟ್ಟಿಗೆ ನಡೆದರೆ ಮಾತ್ರ ಒಡವೆ ಮೇಲಿನ 916 ಗುರುತಿಗೆ ಬೆಲೆ.

ಪೀಣ್ಯ ಕುಲುಮೆ

ಎಲ್ಲರಿಗೂ ಕೈ ಮುಗಿಯುತ್ತೇನೆ, ಇಷ್ಟು ಯಾರೂ ಹೇಳಿರಲಿಲ್ಲ. ಎರಡು ಪ್ರಶ್ನೆ. ನಮ್ಮಲ್ಲೇ ಇರುವ ಸಿಲಿಕಾನ್ ಕಾರ್ಬೈಡ್-ಗ್ರಾಫೈಟ್ ಮೂಸೆಗೆ ಈ ಕಾಟ ಯಾಕಿಲ್ಲ? ಮತ್ತೆ, ಹೊಸ ಲೈನಿಂಗ್‌ಗೆ ಏನು ಕೇಳಲಿ?

ರಿಸರ್ಚ್ ಹುಡುಗಿ

ಮೂಸೆ: ನೀವು 750ರ ಆಸುಪಾಸಿನಲ್ಲಿ ಓಡಿಸುವಾಗ ಅಲ್ಯೂಮಿನಿಯಂ ಇಂಗಾಲವನ್ನು ವೆಟ್ ಮಾಡುವುದಿಲ್ಲ, ಪೊರೆ ತಡೆಯುತ್ತದೆ. 1000 ಡಿಗ್ರಿ ದಾಟಿದರೆ ಅಲ್ಯೂಮಿನಿಯಂ ಕಾರ್ಬೈಡ್ ಹುಟ್ಟಿ ಹಿಡಿದುಕೊಳ್ಳುತ್ತದೆ. ಆ ಕಾರ್ಬೈಡ್ ತೇವ ತಾಗಿದರೆ ಮೀಥೇನ್ ಬಿಟ್ಟು ಪುಡಿಯಾಗುತ್ತದೆ. ಹಾಗಾಗಿ ಮೂಸೆಯನ್ನು ಅತಿಯಾಗಿ ಕಾಯಿಸಬೇಡಿ.

ಲೈನಿಂಗ್: ಒಟ್ಟು ಅಲ್ಯೂಮಿನಾ ಎಷ್ಟು ಅಂತ ಮಾತ್ರ ಕೇಳಬೇಡಿ, ಬಿಡಿ ಸಿಲಿಕಾ ಎಷ್ಟು ಅಂತ ಕೇಳಿ. ಸಿಲಿಕಾ ಅಲ್ಯೂಮಿನಾ ಆಗುವಾಗ ಕುಗ್ಗುತ್ತದೆ. ಫ್ಯೂಸ್ಡ್ ಸಿಲಿಕಾ ಆದರೆ ಮೂರನೇ ಒಂದಕ್ಕಿಂತ ಜಾಸ್ತಿ. ಕುಗ್ಗಿದ ಜಾಗ ಮೆಟಲ್ಲಿಗೆ ದಾರಿ. ರಂಧ್ರ ಸಣ್ಣದಿರಲಿ. ಬೇರಿಯಂ ಸಲ್ಫೇಟ್ ಸೇರಿಸಿದ ಕ್ಯಾಸ್ಟಬಲ್ (ಕಲಸಿ ಎರಕ ಹೊಯ್ಯುವ ಲೈನಿಂಗ್) ಸಿಗುತ್ತದೆ, ವೆಟ್ ಆಗುವುದನ್ನು ತಡೆಯಲೆಂದೇ ಹಾಕಿರುತ್ತಾರೆ. ಆದರೆ ತೀರಾ ಬಿಸಿಯಲ್ಲಿ ಅದರ ಕೆಲಸ ಕುಂದುತ್ತದೆ, ನಿಮ್ಮ ಗೆರೆಯಲ್ಲಿ ಬಿಸಿ ಎಷ್ಟಿದೆ ಎಂದು ಅಳೆದು ಹೇಳಿಯೇ ತೆಗೆದುಕೊಳ್ಳಿ.

ಟುಂಡಿಶ್ ಪಕ್ಕ

ಬರ್ನರ್ ಉರಿ ನೇರ ಗೋಡೆಗೆ ಬೀಳುತ್ತಿದೆಯಾ ನೋಡಿ ಅಣ್ಣ. ಅದೊಂದು ಸರಿ ಮಾಡಿದರೂ ವ್ಯತ್ಯಾಸ ಕಾಣುತ್ತದೆ. ಪ್ರತಿ ಶಿಫ್ಟ್‌ನಲ್ಲಿ ಡ್ರಾಸ್ (ಮೆಟಲ್ ಮೇಲೆ ಕಟ್ಟುವ ಆಕ್ಸೈಡ್ ಕೆನೆ) ಎಳೆಯುವಾಗಲೇ ಗೆರೆಯನ್ನು ಬಿಸಿಯಲ್ಲೇ ಕೆರೆದುಬಿಡಿ, ಗಡ್ಡೆ ಇನ್ನೂ ಎಳಸಾಗಿದ್ದಾಗ ಮೆತ್ತಗೆ ಬರುತ್ತದೆ. ಸಲಾಕೆಯನ್ನು ಚೆನ್ನಾಗಿ ಒಣಗಿಸಿ, ಕಾಯಿಸಿ ಇಳಿಸಿ. ಒದ್ದೆ ಕಬ್ಬಿಣ ಮೆಟಲ್ಲಿಗೆ ಹೋದರೆ ಸಿಡಿಯುತ್ತದೆ, ಇದರಲ್ಲಿ ಯಾವ ರಿಯಾಯಿತಿಯೂ ಬೇಡ. ಸಲಾಕೆಗೂ ಲ್ಯಾಡಲ್ಲಿಗೂ ಬೋರಾನ್ ನೈಟ್ರೈಡ್ ಬಳಿದರೆ ಮೆಟಲ್ ಹಿಡಿಯುವುದಿಲ್ಲ, ಕಬ್ಬಿಣವೂ ಮೆಟಲ್ಲಿಗೆ ಕರಗುವುದಿಲ್ಲ.

ನಿವೃತ್ತ ಮೇಷ್ಟ್ರು

ಫ್ಲಕ್ಸ್ ಪುಡಿಯನ್ನೂ ಗೋಡೆಗೆ ತಾಗುವಂತೆ ಎರಚಬೇಡಿ. ಫ್ಲೋರೈಡ್ ಇರುವ ಉಪ್ಪು ಆಕ್ಸೈಡ್ ಪೊರೆಯನ್ನು ತಿನ್ನುತ್ತದೆ. ಡ್ರಾಸ್ ಬಿಡಿಸಲು ಅದೇ ಬೇಕು, ಗೋಡೆಯಲ್ಲಿ ಅದೇ ಬೇಡ.

ಲೈನಿಂಗ್‌ನವರ ಹತ್ತಿರ ಮತ್ತೆ ಮಾತಾಡುವ ಮೊದಲು ಒಂದು ಕೆಲಸ ಮಾಡಿ. ಗಡ್ಡೆಯ ತುಂಡೊಂದನ್ನು ಗೋಡೆ ಸಮೇತ ಅಡ್ಡ ಕತ್ತರಿಸಿ, ಯಾವ ಯಾವ ಖನಿಜ ಇದೆ ಎಂದು ತೋರಿಸುವ ಎಕ್ಸ್-ರೇ ಪರೀಕ್ಷೆ, ಅಂದರೆ ಎಕ್ಸ್‌ಆರ್‌ಡಿ ಮಾಡಿಸಿ. ಗೋಡೆ ಕಡೆಯ ಪದರದಲ್ಲಿ ಸ್ಪಿನೆಲ್ ಬಂದರೆ ಮೆಗ್ನೀಷಿಯಂ ಮೊದಲು ದಾರಿ ಮಾಡಿದೆ, ಎಲ್‌ಎಂ5ಕ್ಕೆ ಬೇರೆ ಫರ್ನೇಸ್ ಇಟ್ಟುಕೊಳ್ಳುವುದೇ ವಾಸಿ. ಸ್ಪಿನೆಲ್ ಇಲ್ಲದೆ ಕೊರಂಡಮ್ ಮತ್ತು ಸಿಲಿಕಾನ್ ಮಾತ್ರ ಇದ್ದು, ಗೋಡೆಯ ಒಳಗಡೆ ಮುಲ್ಲೈಟ್ ಕಾಣೆಯಾಗಿದ್ದರೆ ತಪ್ಪು ಇಟ್ಟಿಗೆಯದು. ಆ ಹಾಳೆಯನ್ನು ಅವರ ಮುಂದೆ ಇಡಿ.